ಅಕ್ಕ ಕೊಟ್ಟ ಕುರ್ತಿ: ಸೈಡ್ ಹಿಡಿಸಿದರೂ ಕೈ ಎತ್ತಲು ಯಾಕೆ ಆಗುವುದಿಲ್ಲ?

ಪ್ರಶ್ನೆ: ನಾನು ಬಾಗಲಕೋಟೆ ಕಡೆಯ ಶಾಲೆಯೊಂದರಲ್ಲಿ ಟೀಚರ್. ಅಕ್ಕ ತನ್ನ ಆರು ಕಾಟನ್ ಕುರ್ತಿ ಕೊಟ್ಟಿದ್ದಾಳೆ. ಬಟ್ಟೆ ಬಹಳ ಚೆನ್ನಾಗಿವೆ, ಆದರೆ ಅವಳು ನನಗಿಂತ ದಪ್ಪ, ಎತ್ತರ. ಎರಡು ಕುರ್ತಿಗೆ ಟೈಲರ್ ಹತ್ತಿರ ಸೈಡ್ ಹಿಡಿಸಿದೆ. ಈಗ ನೋಡಲು ಮೈಗೆ ಸರಿಯಾಗಿದೆ. ಆದರೆ ಬೋರ್ಡ್ ಮೇಲೆ ಬರೆಯಲು ಕೈ ಎತ್ತಿದರೆ ಇಡೀ ಕುರ್ತಿ ಮೇಲೆ ಬರುತ್ತದೆ, ತೋಳು ಹಿಡಿಯುತ್ತದೆ, ಸಂಜೆ ಹೊತ್ತಿಗೆ ಕಂಕುಳ ಹತ್ತಿರ ಕೆಂಪು ಗೆರೆ ಮೂಡಿರುತ್ತದೆ. ನನ್ನ ಎದೆ ಸುತ್ತಳತೆ 37 ಇಂಚು. ಕುರ್ತಿ 44 ಇತ್ತು, ಈಗ 39. ಇದಲ್ಲದೆ ಒಂದು ಸೆಕೆಂಡ್ ಹ್ಯಾಂಡ್ ಜೀನ್ಸ್ ತಗೊಂಡೆ, ಕೂತರೆ ಹಿಂದೆ ಸೊಂಟದಲ್ಲಿ ಬಾಯಿ ಬಿಡುತ್ತದೆ. ಅವ್ವನ ಹಳೆಯ ಖಣದ ಕುಪ್ಪಸ ಬಿಗಿ. ಅಪ್ಪನ ಎರಡು ಶರ್ಟ್ ಇವೆ. ಅಪ್ಪ ಈಗಿಲ್ಲ, ಅವನ್ನು ಕತ್ತರಿಸಲು ಮನಸ್ಸಿಲ್ಲ, ಆದರೆ ಹಾಕಿಕೊಳ್ಳುವ ಆಸೆ. ಮನೆಯಲ್ಲಿ ಕಾಲಿನ ಮಿಷನ್ ಇದೆ, ನೇರ ಹೊಲಿಗೆ ಬರುತ್ತದೆ. ಏನು ಮಾಡಲಿ?

ಉತ್ತರ:

ಮೊದಲು ಒಂದು ಕೆಲಸ ಮಾಡಿ. ಆ ಎರಡು ಕುರ್ತಿಗಳನ್ನು ತಿರುವಿ ಹಾಕಿ, ಕಂಕುಳ ಕೆಳಗಿನ ಹೊಲಿಗೆ ನೋಡಿ. ಹೊಲಿಗೆಯ ಪಕ್ಕದಲ್ಲಿ ಒಂದು ಇಂಚಿಗಿಂತ ಜಾಸ್ತಿ ಬಟ್ಟೆ ಉಳಿದಿದ್ದರೆ ತುಂಬಾ ಒಳ್ಳೆಯದು, ಹೆಚ್ಚು ಕಷ್ಟವಿಲ್ಲದೆ ಸರಿಹೋಗುತ್ತದೆ. ಟೈಲರ್ ಅದನ್ನು ಕತ್ತರಿಸಿ ಓವರ್‌ಲಾಕ್ ಮಾಡಿಬಿಟ್ಟಿದ್ದರೂ ದಾರಿ ಇದೆ, ಕೆಲಸ ಸ್ವಲ್ಪ ಜಾಸ್ತಿ ಅಷ್ಟೆ. ಉಳಿದ ನಾಲ್ಕು ಕುರ್ತಿಗಳನ್ನು ಮಾತ್ರ ಸದ್ಯಕ್ಕೆ ಯಾರ ಕೈಗೂ ಕೊಡಬೇಡಿ.

ನಾನು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಏಳು ವರ್ಷ ತೋಳು ಕೂರಿಸುವ ಕೆಲಸ ಮಾಡಿದವಳು. ಬೆಳಗ್ಗೆಯಿಂದ ಸಂಜೆವರೆಗೆ ತೋಳು, ಬರೀ ತೋಳು. ಆಮೇಲೆ ಆಲ್ಟರೇಷನ್ ಅಂಗಡಿ ಇಟ್ಟೆ. ನನ್ನ ಅಂಗಡಿಗೆ ಬರುವ ಹತ್ತರಲ್ಲಿ ಏಳೆಂಟು ಜನ ಹೇಳುವುದು ಒಂದೇ ಮಾತು: ‘ಅಕ್ಕಾ, ಸೈಡ್ ಸ್ವಲ್ಪ ಹಿಡಿದುಕೊಡಿ.’ ಸೈಡ್ ಹಿಡಿಯುವುದು ಹತ್ತು ನಿಮಿಷದ ಕೆಲಸ, ಗಿರಾಕಿಗೂ ಖುಷಿ, ಟೈಲರಿಗೂ ಸಲೀಸು. ಆದರೆ ಬೇರೆಯವರ ಬಟ್ಟೆ ನಮ್ಮ ಮೈಗೆ ಕೂರದೆ ಇರಲು ಕಾರಣ ಸೈಡ್ ಅಲ್ಲವೇ ಅಲ್ಲ, ಮೇಲಿನ ಒಂದು ಗೇಣು ಜಾಗ. ಭುಜ, ಕಂಕುಳು, ತೋಳಿನ ಬುಡ. ಅದನ್ನು ಮುಟ್ಟದೆ ಕೆಳಗೆ ಎಷ್ಟು ಹಿಡಿದರೂ ನಿಮ್ಮ ಹಾಗೇ ಆಗುತ್ತದೆ: ನಿಂತರೆ ಚೆಂದ, ಕೈ ಎತ್ತಿದರೆ ಹಿಂಸೆ.

ಯಾಕೆ ಅಂತ ಹೇಳುತ್ತೇನೆ. ಅಕ್ಕನ ಸೈಜಿಗೆ ಹೊಲಿದ ಕುರ್ತಿಯಲ್ಲಿ ಎದೆ ಮಾತ್ರ ದೊಡ್ಡದಿರುವುದಿಲ್ಲ. ಸೈಜ್ ಏರಿದ ಹಾಗೆ ಭುಜ ಅಗಲವಾಗುತ್ತದೆ, ತೋಳಿನ ಸುತ್ತಳತೆ ಹೆಚ್ಚುತ್ತದೆ, ಕಂಕುಳ ಆಳವೂ ಇಳಿಯುತ್ತದೆ. ಹಾಗಾಗಿ ನೀವು ಹಾಕಿಕೊಂಡಾಗ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ದಾಟಿ ತೋಳಿನ ಮೇಲೆ ಬಂದು ಕೂರುತ್ತದೆ, ಕಂಕುಳ ಹೊಲಿಗೆ ನಿಜವಾದ ಕಂಕುಳಿಗಿಂತ ನಾಲ್ಕು ಬೆರಳು ಕೆಳಗೆ ನೇತಾಡುತ್ತದೆ. ಈಗ ಕೈ ಎತ್ತಿ ನೋಡಿ. ನಿಮ್ಮ ಮೈ ಸೊಂಟದಿಂದ ಕಂಕುಳವರೆಗೆ ಮೇಲೆ ಹೋಗಿ, ಅಲ್ಲಿಂದ ತಿರುಗಿ ಮೊಣಕೈಗೆ ಹೋಗುತ್ತದೆ, ಹೊಲದ ಬದುವಿನ ಮೇಲೆ ಸುತ್ತಿ ಬಳಸಿ ಹೋದ ಹಾಗೆ. ಕಂಕುಳು ಇಳಿದ ಬಟ್ಟೆ ಹಾಗೆ ಹೋಗುವುದಿಲ್ಲ, ಮೂಲೆ ಬಿಟ್ಟು ಅಡ್ಡ ಹಾಯುತ್ತದೆ. ಅಡ್ಡದಾರಿ ಗಿಡ್ಡ ಅಲ್ವಾ? ಕೈ ಮೇಲೆ ಹೋದಾಗ ಮೈಗೆ ಬೇಕಾದಷ್ಟು ಉದ್ದ ಬಟ್ಟೆಯಲ್ಲಿ ಇರುವುದಿಲ್ಲ, ಅದಕ್ಕೇ ಅದು ಕೆಳಗಿನಿಂದ ಇಡೀ ಕುರ್ತಿಯನ್ನು ಎಳೆದುಕೊಂಡು ಬರುತ್ತದೆ.

ತುಂಬಾ ಜನಕ್ಕೆ ಇದು ಉಲ್ಟಾ ಅನಿಸುತ್ತದೆ. ಕಂಕುಳು ಸಡಿಲ, ಆಳ ಇದ್ದರೆ ಕೈ ಆರಾಮಾಗಿ ಆಡುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಂಕುಳಿಗೆ ಹತ್ತಿರ ಇರುವ ತೋಳೇ ಜಾಸ್ತಿ ಆಡುವುದು. ಕಂಕುಳಿಗೂ ಹೊಲಿಗೆಗೂ ನಡುವೆ ಎರಡು ಬೆರಳು ಹೋದರೆ ಸಾಕು. ನಾಲ್ಕು ಬೆರಳು ಹೋದರೆ ಅದು ಇಳಿದಿದೆ ಅಂತ ಅರ್ಥ. ಒಂದು ಬೆರಳೂ ಹೋಗದಿದ್ದರೆ ಕೊರೆಯುತ್ತದೆ.

ಇದರ ಮೇಲೆ ನಿಮ್ಮ ಟೈಲರ್ ಏನು ಮಾಡಿದ್ದಾರೆ ನೋಡಿ. 44ರಿಂದ 39ಕ್ಕೆ ತರಲು 5 ಇಂಚು ತೆಗೆದಿದ್ದಾರೆ. ಎರಡು ಸೈಡ್, ಒಂದೊಂದು ಸೈಡಿನಲ್ಲಿ ಹಿಂದೆ ಮುಂದೆ ಎರಡು ಪದರ, ಒಟ್ಟು ನಾಲ್ಕು. ಅಂದರೆ ಹೊಲಿಗೆ ಒಂದೂಕಾಲು ಇಂಚು ಒಳಗೆ ಹೋಗಿದೆ. ಆ ಹೊಲಿಗೆ ಕಂಕುಳಲ್ಲಿ ನಿಲ್ಲದೆ ತೋಳಿನ ಒಳಗೂ ಹಾಗೇ ಓಡಿರುತ್ತದೆ, ತೋಳಿನ ಬುಡದಲ್ಲಿ ಎರಡೂವರೆ ಇಂಚು ಕಡಿಮೆಯಾಗಿರುತ್ತದೆ. ಹೀಗಾಗಿ ಕಂಕುಳು ಇಳಿದದ್ದು ಇಳಿದ ಹಾಗೇ ಇದೆ, ಅದರ ಮೇಲೆ ತೋಳು ಬಿಗಿ. ನಿಮ್ಮ ಕೆಂಪು ಗೆರೆ ಬಂದದ್ದು ಇಲ್ಲಿಂದ. ಟೈಲರಿಗೆ ಬೈಯಬೇಡಿ, ನೀವು ಕೇಳಿದ್ದನ್ನು ಅವರು ಸರಿಯಾಗಿಯೇ ಮಾಡಿದ್ದಾರೆ.

ಇನ್ನೊಂದು ಮಾತು. 37 ಇಂಚಿನ ಎದೆಗೆ 39 ಇಂಚಿನ ಕಾಟನ್ ಕುರ್ತಿ ಸಾಕಾಗುವುದಿಲ್ಲ. ಟೀ ಶರ್ಟಿನ ಬಟ್ಟೆ ಹಿಗ್ಗುತ್ತದೆ, ಅದಕ್ಕೆ ಹೆಚ್ಚುವರಿ ಬೇಡ. ಮಗ್ಗದ ಕಾಟನ್ ಹಿಗ್ಗುವುದಿಲ್ಲ. ದಿನವಿಡೀ ಕೈ ಎತ್ತಿ ಬರೆಯುವವರಿಗೆ, ಬಸ್ಸಿನಲ್ಲಿ ಸರಳು ಹಿಡಿದು ನಿಲ್ಲುವವರಿಗೆ 4 ಇಂಚು ಸಡಿಲ ಇರಲಿ. ನಿಮ್ಮ ಅಳತೆ 41.

ಈಗ ಕೆಲಸಕ್ಕೆ ಬರೋಣ. ಕುರ್ತಿಗೆ ಮೊದಲು ಕತ್ತರಿ ಅಲ್ಲ, ನೀರು. ಆರೂ ಕುರ್ತಿಗಳನ್ನು ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹಳೆಯ ಕಾಟನ್ ಬಟ್ಟೆಯಲ್ಲಿ ನನಗೆ ಇಷ್ಟವಾಗುವುದೇ ಇದು, ಅದು ಕುಗ್ಗುವಷ್ಟು ಮೊದಲೇ ಕುಗ್ಗಿರುತ್ತದೆ, ಹೊಲಿದ ಮೇಲೆ ಮೋಸ ಮಾಡುವುದಿಲ್ಲ. ಒಗೆದ ಮೇಲೆ ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡಿ. ಕಂಕುಳು, ಬೆನ್ನಿನ ಮೇಲ್ಭಾಗ, ಕೂರುವ ಜಾಗ. ಬೆಳಕು ಜರಡಿಯಲ್ಲಿ ಬಂದ ಹಾಗೆ ಬಂದರೆ ಆ ಜಾಗ ಸವೆದಿದೆ, ಅಲ್ಲಿ ಹೊಸ ಹೊಲಿಗೆ ನಿಲ್ಲುವುದಿಲ್ಲ. ಅಂಥದ್ದು ಒಂದು ಸಿಕ್ಕರೆ ಪಾತ್ರೆಯವರಿಗೆ ಹಾಕಬೇಡಿ, ಎತ್ತಿಡಿ. ಬಾಕಿ ಕುರ್ತಿಗಳಿಗೆ ಒಳಪಟ್ಟಿ, ತೇಪೆ ಎಲ್ಲ ಅದರಿಂದಲೇ ಆಗುತ್ತದೆ.

ಸೈಡ್ ಹೊಲಿಗೆ ಬಿಚ್ಚುವಾಗ ಅವಸರ ಬೇಡ. ರೆಡಿಮೇಡ್ ಕುರ್ತಿಯಲ್ಲಿ ಸಾಮಾನ್ಯವಾಗಿ ಓವರ್‌ಲಾಕ್ ಪಕ್ಕದಲ್ಲಿ ಸರಪಳಿ ಹೊಲಿಗೆ ಒಂದು ಇರುತ್ತದೆ, ಒಂದು ಕಡೆಯಿಂದ ನೋಡಿದರೆ ಜಡೆ ಹೆಣೆದ ಹಾಗೆ ಕಾಣುತ್ತದೆ. ಹೊಲಿಗೆ ಎಲ್ಲಿ ಮುಗಿದಿದೆಯೋ ಆ ತುದಿಯಿಂದ ಸರಿಯಾದ ದಾರ ಎಳೆದರೆ ಸರ್ರಂತ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಬರಲಿಲ್ಲ ಅಂದರೆ ನೀವು ತಪ್ಪು ತುದಿಯಲ್ಲಿದ್ದೀರಿ. ಟೈಲರ್ ಹಾಕಿದ ಹೊಲಿಗೆ ಮಾಮೂಲಿ ಹೊಲಿಗೆ, ಅದನ್ನು ಐದಾರು ಟಾಕಾಕ್ಕೊಂದು ಕಡೆ ಬ್ಲೇಡಿನಿಂದ ಕೊಯ್ದು, ಹಿಂದಿನಿಂದ ದಾರ ಎಳೆಯಿರಿ. ಎರಡು ಪದರಗಳನ್ನು ಹಿಡಿದು ಪರ್ರಂತ ಎಳೆಯುವ ಅಭ್ಯಾಸ ಕೆಲವರಿಗಿದೆ. ಹೊಸ ಬಟ್ಟೆ ತಡೆದುಕೊಳ್ಳುತ್ತದೆ, ಹಳೆಯದು ಹರಿಯುತ್ತದೆ.

ಗಾರ್ಮೆಂಟ್ಸ್‌ನಲ್ಲಿ ಕುರ್ತಿ ಹೊಲಿಯುವ ಕ್ರಮ ಗೊತ್ತಿದ್ದರೆ ಇಲ್ಲಿ ಅನುಕೂಲ. ಮೊದಲು ಭುಜ ಸೇರಿಸುತ್ತಾರೆ, ಬಟ್ಟೆ ಹರಡಿದ ಹಾಗೇ ಇರುವಾಗ ತೋಳು ಕೂರಿಸುತ್ತಾರೆ, ಕೊನೆಗೆ ತೋಳಿನ ತುದಿಯಿಂದ ಕೆಳಗಿನ ಸ್ಲಿಟ್‌ವರೆಗೆ ಒಂದೇ ಓಟದಲ್ಲಿ ಸೈಡ್ ಮುಚ್ಚುತ್ತಾರೆ. ಅಂದರೆ ಆ ಒಂದು ಸಾಲು ಬಿಚ್ಚಿದರೆ ಕುರ್ತಿ ಮತ್ತೆ ಹಾಳೆಯ ಹಾಗೆ ಹರಡಿಕೊಳ್ಳುತ್ತದೆ. ಇಡೀ ತೋಳು ಕೀಳುವ ಅಗತ್ಯವಿಲ್ಲ.

ಮೊದಲು ಭುಜ. ಕನ್ನಡಿ ಮುಂದೆ ಹಾಕಿಕೊಂಡು, ಭುಜದ ಮೂಳೆಯ ತುದಿ ಬೆರಳಿನಿಂದ ಒತ್ತಿ ಹುಡುಕಿ, ಅಲ್ಲಿ ಚಾಕ್ ಗುರುತು ಹಾಕಿ. ಹೊಲಿಗೆ ಅದರಿಂದ ಎಷ್ಟು ಆಚೆ ಇದೆ? ನಿಮ್ಮ ಅಳತೆ ನೋಡಿದರೆ ಮುಕ್ಕಾಲು ಇಂಚು ಇರಬಹುದು. ಅರ್ಧ ಇಂಚಿನ ಒಳಗಿದ್ದರೆ ಬಿಟ್ಟುಬಿಡಿ, ಯಾರಿಗೂ ಕಾಣುವುದಿಲ್ಲ. ಜಾಸ್ತಿ ಇದ್ದರೆ ತೋಳಿನ ಮೇಲಿನ ಅರ್ಧ ಭಾಗದ ಹೊಲಿಗೆ ಮಾತ್ರ ಬಿಚ್ಚಿ, ಭುಜದ ತುದಿಯಲ್ಲಿ ಆ ಮುಕ್ಕಾಲು ಇಂಚು ಒಳಗೆ ತಂದು, ಮುಂದೆ ಹಿಂದೆ ಎರಡೂ ಕಡೆ ಇಳಿಯುತ್ತಾ ಹಳೆಯ ಗೆರೆಗೆ ಸೇರಿಸಿ.

ಅದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಬಹುದು, ಇದು ನನಗೆ ಬಹಳ ಇಷ್ಟದ ಉಪಾಯ. ಕುರ್ತಿಯ ಕುತ್ತಿಗೆಯೂ ನಿಮಗೆ ಆಳವಾಗಿದ್ದರೆ, ಹೇಗೂ ಅಕ್ಕನ ಅಳತೆ ಅಲ್ವಾ, ಭುಜದ ಮೇಲಿನ ಹೊಲಿಗೆಯನ್ನೇ ಅರ್ಧ ಇಂಚು ಕೆಳಗಿಳಿಸಿ ಹೊಲಿಯಿರಿ. ಮುಂದೆ ಅರ್ಧ, ಹಿಂದೆ ಅರ್ಧ. ಇಡೀ ಕುರ್ತಿ ಅಷ್ಟು ಮೇಲೆ ಏರುತ್ತದೆ. ಕುತ್ತಿಗೆ ಏರುತ್ತದೆ, ಕಂಕುಳೂ ಏರುತ್ತದೆ. ಕುತ್ತಿಗೆಯ ಪಟ್ಟಿಯನ್ನು ಭುಜದ ಹತ್ತಿರ ಒಂದೂವರೆ ಇಂಚು ಬಿಚ್ಚಿ ಮತ್ತೆ ಕೂರಿಸಬೇಕು, ಅದೊಂದೇ ಕಿರಿಕಿರಿ. ಹೀಗೆ ಮಾಡಿದಾಗ ತೋಳು ಕೂರುವ ಸುತ್ತು ಒಂದು ಇಂಚು ಚಿಕ್ಕದಾಗುತ್ತದೆ, ತೋಳು ಹಳೆಯ ಅಳತೆಯಲ್ಲೇ ಇರುತ್ತದೆ. ಆ ಒಂದು ಇಂಚನ್ನು ಒಂದೇ ಕಡೆ ಮಡಚಿ ಹಾಕಬೇಡಿ, ತೋಳಿನ ಮೇಲ್ಭಾಗದಲ್ಲಿ ಕೈಯಿಂದ ಒಂದು ಸಾಲು ಸಡಿಲ ಹೊಲಿಗೆ ಹಾಕಿ, ದಾರ ಸ್ವಲ್ಪ ಎಳೆದು, ಹಂಚಿ ಕೂರಿಸಿ. ಕಾಟನ್ ಆದ್ದರಿಂದ ಇಸ್ತ್ರಿಯಲ್ಲಿ ಕೂತುಬಿಡುತ್ತದೆ.

ಇನ್ನು ಕಂಕುಳು. ಹಳೆಯ ಕಾಲದ ಜುಬ್ಬಾ ಮನೆಯಲ್ಲಿದ್ದರೆ ತಿರುವಿ ನೋಡಿ. ಕಂಕುಳಲ್ಲಿ ಒಂದು ಪುಟ್ಟ ಚೌಕದ ತುಂಡು ಇರುತ್ತದೆ. ಜುಬ್ಬಾ ನೇರ ನೇರ ತುಂಡುಗಳಿಂದ ಹೊಲಿಯುವ ಬಟ್ಟೆ, ಆದರೂ ಅದನ್ನು ಹಾಕಿಕೊಂಡು ಗದ್ದೆ ಕೆಲಸ ಮಾಡಬಹುದು. ಎಲ್ಲ ಆ ತುಂಡಿನ ಪುಣ್ಯ. ನಿಮ್ಮ ಕುರ್ತಿಗೂ ಅದನ್ನೇ ಹಾಕೋಣ.

ಬಟ್ಟೆ ಎಲ್ಲಿಂದ? ಅಂಗಡಿಯಿಂದ ತರಬೇಡಿ. ಅದೇ ಬಣ್ಣ ಸಿಕ್ಕರೂ ಹೊಸದು ಹೊಸದಾಗೇ ಕಾಣುತ್ತದೆ. ಅಕ್ಕ ನಿಮಗಿಂತ ಎತ್ತರ ಅಂದಿರಿ, ಕುರ್ತಿ ಉದ್ದ ಹೇಗೂ ಕಡಿಮೆ ಮಾಡಬೇಕು. ಕೆಳಗಿನಿಂದ ತೆಗೆದ ಆ ಪಟ್ಟಿ ಕುರ್ತಿಯಷ್ಟೇ ಸಲ ಒಗೆಸಿಕೊಂಡಿದೆ, ಕುರ್ತಿಯಷ್ಟೇ ಬಿಸಿಲು ಕಂಡಿದೆ, ಅಷ್ಟೇ ಮಾಸಿದೆ. ಅದಕ್ಕಿಂತ ಚೆನ್ನಾಗಿ ಹೊಂದುವ ಬಟ್ಟೆ ಇನ್ನೊಂದಿಲ್ಲ. ಹಾಗಾಗಿ ಉದ್ದ ಕಡಿಮೆ ಮಾಡುವುದನ್ನು ಮೊದಲೇ ಮಾಡಿಕೊಳ್ಳಿ, ಮಡಿಕೆ ಬಿಚ್ಚಿ ಪೂರ್ತಿ ಬಟ್ಟೆ ಉಳಿಸಿಕೊಳ್ಳಿ.

ಒಂದೊಂದು ಕಂಕುಳಿಗೆ 4 ಇಂಚಿನ ಒಂದು ಚೌಕ ಕತ್ತರಿಸಿ. ಅಂಚುಗಳು ಬಟ್ಟೆಯ ಎಳೆಗೆ ನೇರವಾಗಿರಲಿ. ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ; ಸುತ್ತಲೂ ಮೂರು ಸೂತು ಹೊಲಿಗೆಗೆ ಹೋದರೆ ಮೂರೂಕಾಲು ಇಂಚು ಉಳಿಯುತ್ತದೆ. ಕುರ್ತಿಯಲ್ಲಿ ಕಂಕುಳಿನಿಂದ ಕೆಳಗೆ ಮೂರೂಕಾಲು, ತೋಳಿನ ಕಡೆಗೆ ಮೂರೂಕಾಲು ಜಾಗ ತೆರೆದಿರಲಿ. ಚೌಕವನ್ನು ಗಾಳಿಪಟದ ಹಾಗೆ ತಿರುಗಿಸಿ ಹಿಡಿಯಿರಿ: ಒಂದು ಮೂಲೆ ಸೈಡಿನ ಕಡೆ, ಅದರ ಎದುರಿನ ಮೂಲೆ ತೋಳಿನ ಕಡೆ, ಉಳಿದ ಎರಡು ಮೂಲೆ ತೋಳು ಕೂರಿಸಿದ ಹೊಲಿಗೆಗೆ, ಒಂದು ಮುಂದೆ, ಒಂದು ಹಿಂದೆ. ಹೀಗಿಟ್ಟಾಗ ಕೈ ಎತ್ತುವ ದಿಕ್ಕಿನಲ್ಲಿ ಬಟ್ಟೆ ಕ್ರಾಸ್ ಬರುತ್ತದೆ, ಅಂದರೆ ಎಳೆಗೆ ಓರೆಯಾಗಿ. ಕ್ರಾಸ್ ಬಟ್ಟೆ ಹಿಗ್ಗುತ್ತದೆ. ಇದೇ ಇದರ ಗುಟ್ಟು.

ಹೊಲಿಯುವಾಗ ಒಂದೊಂದು ಅಂಚೂ ಬೇರೆ ಬೇರೆ ಹೊಲಿಗೆ ಅಂದುಕೊಳ್ಳಿ. ಮೂಲೆಗೆ ಮೂರು ಸೂತು ಮೊದಲೇ ನಿಲ್ಲಿಸಿ, ಸೂಜಿ ಬಟ್ಟೆಯೊಳಗೇ ಇರಲಿ, ಪ್ರೆಷರ್ ಫೂಟ್ ಎತ್ತಿ, ಬಟ್ಟೆ ತಿರುಗಿಸಿ, ಕೆಳಗಿನ ಪದರ ಸಿಕ್ಕಿಕೊಂಡಿಲ್ಲ ಅಂತ ಬೆರಳು ಹಾಕಿ ನೋಡಿ, ಮತ್ತೆ ಮುಂದುವರಿಸಿ. ನಾಲ್ಕೂ ಮೂಲೆಯಲ್ಲಿ ಹಿಂದೆ ಮುಂದೆ ಮೂರ್ನಾಲ್ಕು ಟಾಕಾ ಭದ್ರ ಮಾಡಿ. ಮೊದಲನೆಯ ಸಲ ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿಕೊಂಡು ಮಿಷನ್‌ಗೆ ಕೊಟ್ಟರೆ ಸೋಲುವುದಿಲ್ಲ. ಒಂದು ಕಂಕುಳಿಗೆ ನಿಮಗೆ ಒಂದು ಗಂಟೆ ಹಿಡಿಯಬಹುದು. ಮೂರನೆಯ ಕುರ್ತಿ ಹೊತ್ತಿಗೆ ಇಪ್ಪತ್ತು ನಿಮಿಷ. ಕೈ ಇಳಿಸಿ ನಿಂತಾಗ ಆ ತುಂಡು ಮಡಚಿಕೊಂಡು ಒಳಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ.

ಇಷ್ಟಾದ ಮೇಲೆ ಸೈಡ್ ಮುಚ್ಚಿ. ಟೈಲರ್ ಬಟ್ಟೆ ಉಳಿಸಿದ್ದರೆ ಅವರ ಹೊಲಿಗೆಗಿಂತ ಅರ್ಧ ಇಂಚು ಹೊರಗೆ ಹೊಲಿಯಿರಿ, ನಾಲ್ಕು ಪದರಕ್ಕೆ ಸೇರಿ 2 ಇಂಚು ಸಿಕ್ಕಿತು, 41 ಆಯಿತು. ಮುಟ್ಟದ ನಾಲ್ಕು ಕುರ್ತಿಗಳಲ್ಲಿ 44ರಿಂದ 3 ಇಂಚು ಮಾತ್ರ ಹಿಡಿಯಬೇಕು, ಅಂದರೆ ಹೊಲಿಗೆ ಮುಕ್ಕಾಲು ಇಂಚು ಒಳಗೆ. ತೋಳಿನ ಬುಡದಲ್ಲಿ ಅಷ್ಟು ಹಿಡಿಯಬೇಡಿ, ಹಳೆಯ ಗೆರೆಯಲ್ಲೇ ಬಿಡಿ. ಸೊಂಟದ ಕೆಳಗೂ ಹಾಗೇ, ಸ್ಲಿಟ್ ಶುರುವಾಗುವ ಜಾಗದಲ್ಲಿ ಸಡಿಲ ಇಲ್ಲದಿದ್ದರೆ ಕೂತಾಗ ಅಲ್ಲೇ ಹರಿಯುವುದು.

ಟೈಲರ್ ಒಳಬಟ್ಟೆ ಕತ್ತರಿಸಿಬಿಟ್ಟಿದ್ದರೆ ಚೌಕದ ಬದಲು ಉದ್ದ ಪಟ್ಟಿ ಹಾಕಿ. ತೋಳಿನ ತುದಿಯಿಂದ ಸ್ಲಿಟ್‌ವರೆಗೆ ಒಂದೇ ಪಟ್ಟಿ, ಅಗಲ ಒಂದೂಮುಕ್ಕಾಲು ಇಂಚು, ಕಂಕುಳು ಬರುವ ಜಾಗದಲ್ಲಿ ಮಾತ್ರ ಮೂರು ಇಂಚಿಗೆ ಉಬ್ಬಿಸಿ, ಎರಡೂ ಕಡೆ ಸಪೂರ ಮಾಡುತ್ತಾ ಬನ್ನಿ. ಸೈಡಿಗೆ ಒಂದೊಂದು ಇಂಚು ಹೆಚ್ಚುತ್ತದೆ, ತೋಳಿಗೂ ಉಸಿರಾಡಲು ಜಾಗವಾಗುತ್ತದೆ. ಎರಡು ತುಂಡು ಸೇರಿಸಿ ಪಟ್ಟಿ ಮಾಡಬೇಕಾದರೆ ಜೋಡಣೆ ಕಂಕುಳಲ್ಲಿ ಬರದಂತೆ ನೋಡಿಕೊಳ್ಳಿ.

ಎಲ್ಲ ಕಚ್ಚಾ ಹೊಲಿಗೆ ಹಂತದಲ್ಲಿರುವಾಗಲೇ ಹಾಕಿಕೊಂಡು ನೋಡಿ. ದಿನಾ ಹಾಕುವ ಒಳ ಉಡುಪಿನ ಮೇಲೇ ಹಾಕಬೇಕು. ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದ್ದಕ್ಕೇ ಹೋದ ಸಲ ಮೋಸವಾಯಿತು. ಗೋಡೆಯ ಮುಂದೆ ನಿಂತು ಬೋರ್ಡಿನ ಮೇಲಿನ ಸಾಲಿನಲ್ಲಿ ಬರೆಯುವ ಹಾಗೆ ಕೈ ಆಡಿಸಿ. ನೆಲದ ಮೇಲೆ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಿ. ಕುರ್ಚಿಯಲ್ಲಿ ಕೂತು ಎರಡೂ ಕೈ ಮೇಜಿನ ಮೇಲೆ ಮುಂದಕ್ಕೆ ಚಾಚಿ, ಬೆನ್ನು ಎಳೆಯುತ್ತದಾ ನೋಡಿ. ಬಟ್ಟೆ ತಿರುವಿ ಹಾಕಿಕೊಂಡು ಪಿನ್ ಮಾಡುವುದಾದರೆ ಒಂದು ನೆನಪಿಡಿ, ಎಡ ಬಲ ಅದಲುಬದಲಾಗಿರುತ್ತದೆ. ತುಂಬಾ ಜನಕ್ಕೆ ಒಂದು ಭುಜ ಸ್ವಲ್ಪ ತಗ್ಗು, ಅದರಲ್ಲೂ ವರ್ಷಗಟ್ಟಲೆ ಒಂದೇ ಕಡೆ ಬ್ಯಾಗ್ ಹಾಕಿದವರಿಗೆ.

ಜೀನ್ಸ್ ವಿಷಯ. ಹಿಂದೆ ಬಾಯಿ ಬಿಡುವುದು ನಿಮ್ಮೊಬ್ಬರ ಸಮಸ್ಯೆಯಲ್ಲ, ಸೊಂಟಕ್ಕಿಂತ ಸೀಟ್ ಅಗಲ ಇರುವವರಿಗೆಲ್ಲ ಹೀಗೆ. ಎರಡು ದಾರಿ. ಒಂದು, ಹಿಂದಿನ ನಡುವಿನ ಬೆಲ್ಟ್ ಲೂಪ್ ಕಿತ್ತು, ಸೊಂಟಪಟ್ಟಿ ಅಲ್ಲಿ ಬಿಚ್ಚಿ, ನಡುವಿನ ಹೊಲಿಗೆಯಲ್ಲಿ ಹಿಡಿಯುವುದು. ಒಂದೂವರೆ ಇಂಚಿನವರೆಗೆ ಚೆನ್ನಾಗಿ ಕೂರುತ್ತದೆ, ಅದಕ್ಕಿಂತ ಜಾಸ್ತಿ ಹಿಡಿದರೆ ಹಿಂದಿನ ಎರಡು ಜೇಬು ಹತ್ತಿರ ಬಂದು ವಿಚಿತ್ರವಾಗಿ ಕಾಣುತ್ತವೆ. ಇನ್ನೊಂದು ಸುಲಭ, ಊಟ ಆದ ಮೇಲೂ ಆರಾಮ. ಸೊಂಟಪಟ್ಟಿಯ ಒಳಪದರದಲ್ಲಿ, ಎರಡೂ ಸೈಡಿನ ಹತ್ತಿರ ಒಂದೊಂದು ಇಂಚು ಸೀಳಿ. ಎರಡು ಸೀಳಿನ ನಡುವೆ ಹಿಂಭಾಗ 12 ಇಂಚಿದ್ದರೆ 10 ಇಂಚು ಎಲಾಸ್ಟಿಕ್ ತಗೊಂಡು, ಪಿನ್ನಿಗೆ ಸಿಕ್ಕಿಸಿ ಒಳಗೆ ಎಳೆದು, ಎರಡು ತುದಿ ಗಟ್ಟಿಯಾಗಿ ಹೊಲಿದುಬಿಡಿ. ದಾರಿಯಲ್ಲಿ ಬೆಲ್ಟ್ ಲೂಪಿನ ಹೊಲಿಗೆ ಅಡ್ಡ ಬಂದರೆ ಆ ಲೂಪ್ ಬಿಚ್ಚಿ, ಆಮೇಲೆ ಮೇಲೆ ಕೆಳಗೆ ಮಾತ್ರ ಹಿಡಿಯುವಂತೆ ಕೂರಿಸಿ.

ಜೀನ್ಸಿಗೆ 16ನೇ ನಂಬರ್ ಸೂಜಿ ಹಾಕಿ. ಕುರ್ತಿಗೆ ಹಾಕಿದ್ದ ಸೂಜಿಯಲ್ಲೇ ಹೊಲಿದರೆ ಮುರಿಯುತ್ತದೆ, ತುಂಡು ಹಾರಿ ಕಣ್ಣಿಗೆ ಬಡಿಯಬಹುದು. ದಪ್ಪ ಜೋಡಣೆ ಬಂದಲ್ಲಿ ಮೊದಲು ಸುತ್ತಿಗೆಯಿಂದ ಎರಡೇಟು ಹಾಕಿ ಚಪ್ಪಟೆ ಮಾಡಿ, ಪೆಡಲ್ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸಿ. ಉದ್ದ ಕಡಿಮೆ ಮಾಡುವಾಗ ಕೆಳಗಿನ ಮಾಸಿದ ಅಂಚು ಕತ್ತರಿಸಬೇಡಿ, ಜೀನ್ಸಿನ ಅಂದ ಅದರಲ್ಲೇ ಇರುವುದು. 2 ಇಂಚು ಕಡಿಮೆ ಬೇಕಾದರೆ ಅಂಚಿನ ಹೊಲಿಗೆಯ ಮೇಲೆ 1 ಇಂಚು ಆಳದ ಮಡಿಕೆ ಹಾಕಿ, ಹಳೆಯ ಅಂಚಿಗೆ ಒತ್ತಿ ಒಂದು ಹೊಲಿಗೆ ಓಡಿಸಿ, ಮಡಿಕೆಯನ್ನು ಒಳಗೆ ತಿರುಗಿಸಿ ಇಸ್ತ್ರಿ ಮಾಡಿ. ತೊಡೆಯ ಒಳಭಾಗ ಮಾತ್ರ ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಸವೆದಿದ್ದರೆ ಇಷ್ಟೆಲ್ಲ ಕಷ್ಟಪಡುವ ಮೊದಲು ಒಳಗಿನಿಂದ ಒಂದು ತೇಪೆ ಕೊಡಿ.

ಅವ್ವನ ಖಣದ ಕುಪ್ಪಸ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ. ಖಣ ನೇಯುವ ಗುಳೇದಗುಡ್ಡ ನಿಮ್ಮ ಪಕ್ಕದಲ್ಲೇ ಇದೆ, ಖಣದ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಊರಿನ ಟೈಲರ್ ಹೊಲಿದ ಹಳೆಯ ಕುಪ್ಪಸಕ್ಕೂ ರೆಡಿಮೇಡ್ ಬಟ್ಟೆಗೂ ಇರುವ ದೊಡ್ಡ ವ್ಯತ್ಯಾಸ ಒಳಗೆ ಬಿಟ್ಟ ಬಟ್ಟೆಯಲ್ಲಿದೆ. ರೆಡಿಮೇಡಿನಲ್ಲಿ ಮೂರು ಸೂತು ಬಿಟ್ಟಿದ್ದರೆ ಹೆಚ್ಚು, ಬಿಡಲು ಏನೂ ಇರುವುದಿಲ್ಲ. ಊರಿನ ಟೈಲರ್ ಒಂದು ಇಂಚೋ ಒಂದೂವರೆಯೋ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ, ಹೆಣ್ಣುಮಕ್ಕಳ ಮೈ ಬದಲಾಗುತ್ತದೆ ಅಂತ ಅವರಿಗೆ ಗೊತ್ತು. ಪ್ರತಿ ಪದರದಲ್ಲಿ ಮುಕ್ಕಾಲು ಇಂಚು ಬಿಟ್ಟರೂ ಒಟ್ಟು 3 ಇಂಚು ಸಿಕ್ಕಿತು.

ಆದರೆ ಬಿಚ್ಚುವ ಮೊದಲು ಬಟ್ಟೆಗೆ ಜೀವ ಇದೆಯಾ ನೋಡಿ. ಒಳಗಿನ ಹೆಚ್ಚುವರಿ ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿಯಾಗಿ ನಿಂತರೆ ಸರಿ. ಚರ್ ಅಂತ ಎಳೆ ಬಿಟ್ಟರೆ ರೇಷ್ಮೆ ಸೋತಿದೆ, ಅದಕ್ಕೆ ಒಳಗೆ ಮೆತ್ತನೆಯ ಕಾಟನ್ ಲೈನಿಂಗ್ ಹಾಕಿ, ಭಾರ ಲೈನಿಂಗ್ ಹೊರುವ ಹಾಗೆ ಹೊಲಿಯಬೇಕು. ಲೈನಿಂಗ್ ಬಟ್ಟೆ ನೆನೆಸಿ ಒಣಗಿಸಿಯೇ ಕತ್ತರಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಖಣ ಚೀಲದ ಹಾಗೆ ಜೋಲುತ್ತದೆ. ಕಂಕುಳಲ್ಲಿ ಹಳೆಯ ಬೆವರಿನ ಕಲೆ ಇದ್ದರೆ ಉಜ್ಜಬೇಡಿ, ಬೆವರು ತಿಂದ ರೇಷ್ಮೆ ಅಲ್ಲೇ ಹರಿಯುತ್ತದೆ. ಆ ಜಾಗವನ್ನೇ ತೆಗೆದು ಬೇರೆ ಖಣದ ತುಂಡು ಕೂರಿಸುವುದು ಉತ್ತಮ.

ಸೈಡ್ ಬಿಟ್ಟಾಗ ಒಳಗೆ ಮುಚ್ಚಿದ್ದ ಬಟ್ಟೆ ಹೊರಗೆ ಬರುತ್ತದೆ, ಅದರ ಬಣ್ಣ ಇನ್ನೂ ಹೊಸದಾಗಿರುತ್ತದೆ. ಕಂಕುಳ ಕೆಳಗೆ ಗಾಢ ಬಣ್ಣದ ಒಂದು ಗೆರೆ ಕಾಣುತ್ತದೆ, ಸೆರಗಿನ ಕೆಳಗೆ ಯಾರು ನೋಡುತ್ತಾರೆ. ಹಳೆಯ ಸೂಜಿಯ ತೂತುಗಳು ಕಾಟನ್‌ನಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದು ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದರೆ ಮುಚ್ಚುತ್ತವೆ, ರೇಷ್ಮೆಯಲ್ಲಿ ಉಳಿದುಬಿಡುತ್ತವೆ. ಸೈಡ್ ಬಿಟ್ಟ ಮೇಲೂ ಎದೆಯ ಹುಕ್ಕುಗಳ ನಡುವೆ ಬಾಯಿ ಬಿಟ್ಟರೆ ಸೈಡಿನಲ್ಲಿ ಇನ್ನೂ ಬಿಡುವುದರಿಂದ ಪ್ರಯೋಜನ ಇಲ್ಲ, ಕಾಜಾ ಇರುವ ಕಡೆ ಮುಕ್ಕಾಲು ಇಂಚಿನ ಪಟ್ಟಿ ಸೇರಿಸಿ. ತೋಳು ಬಿಗಿಯಾದರೆ ಕುರ್ತಿಗೆ ಹೇಳಿದ ಚೌಕವೇ, ಆದರೆ ಚಿಕ್ಕದು, ಎರಡೂವರೆ ಇಂಚು ಸಾಕು. ನುಸಿಗುಳಿಗೆಯ ವಾಸನೆ ಇದ್ದರೆ ನೆರಳಿನಲ್ಲಿ ಗಾಳಿಗೆ ಮೂರ್ನಾಲ್ಕು ದಿನ ಹರವಿ, ಖಣವನ್ನು ಬಿಸಿಲಿಗೆ ಹಾಕಬೇಡಿ.

ಅಪ್ಪನ ಶರ್ಟಿಗೆ ಕತ್ತರಿ ತಾಗಿಸುವುದೇ ಬೇಡ. ಅದರ ಭುಜ ಸರಿ ಮಾಡಲು ಹೋಗಬೇಡಿ, ಗಂಡಸರ ಶರ್ಟಿನ ಭುಜ ಹಿಂಭಾಗದ ಮೇಲಿನ ಪಟ್ಟಿ ಸೇರಿ ಒಂದೇ ತುಂಡಾಗಿ ಬರುತ್ತದೆ, ಅಲ್ಲಿ ಕೈ ಹಾಕಿದರೆ ಕಾಲರ್‌ವರೆಗೆ ಕೆಲಸ. ಭುಜ ಇಳಿದೇ ಇರಲಿ. ಬೆನ್ನಿನಲ್ಲಿ ಎರಡು ಟಕ್ಸ್ ಹಾಕಿ ಸಾಕು: ಬೆನ್ನೆಲುಬಿನಿಂದ ಎರಡೂ ಕಡೆ ಮೂರೂವರೆ ಇಂಚು ದೂರ, ರೆಕ್ಕೆ ಮೂಳೆಯ ಕೆಳಗಿನಿಂದ ಶುರು, ಸೊಂಟದ ಹತ್ತಿರ ಅರ್ಧ ಇಂಚಿನ ಮಡಿಕೆ, ಕೆಳಗೆ ಮತ್ತೆ ಚೂಪಾಗಿ ಮುಗಿಯಬೇಕು. ಎರಡೂ ಸೇರಿ 2 ಇಂಚು ಸೊಂಟ ಹಿಡಿಯುತ್ತದೆ, ಎದೆಗೆ ಏನೂ ಬಿಗಿಯಾಗುವುದಿಲ್ಲ. ಮಿಷನ್ ಬೇಡ, ಕೈಯಲ್ಲೇ ಸಣ್ಣ ಟಾಕಾ ಹಾಕಿ, ಬೇಕೆಂದಾಗ ಐದು ನಿಮಿಷದಲ್ಲಿ ಬಿಚ್ಚಬಹುದು. ತೋಳು ಮೊಣಕೈವರೆಗೆ ಮಡಚಿ, ಮಡಿಕೆಯ ಒಳಗೆ ನಾಲ್ಕು ಟಾಕಾ ಹಾಕಿಬಿಟ್ಟರೆ ಪಾಠದ ನಡುವೆ ಜಾರುವುದಿಲ್ಲ. ಗುಂಡಿ ಬಲಕ್ಕಿರುವುದು ಎಡಕ್ಕೆ ಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ, ಒಂದು ವಾರದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ಶುರು ಮಾಡುವುದು ಕುರ್ತಿಗಳಿಂದ, ಅದರಲ್ಲೂ ನಿಮಗೆ ಅಷ್ಟೇನೂ ಇಷ್ಟವಿಲ್ಲದ ಒಂದರಿಂದ. ಖಣ ಕೊನೆಗೆ. ಭುಜದ ಕೆಲಸ ನಿಮ್ಮಿಂದ ಆಗುವುದಿಲ್ಲ ಅನಿಸಿದರೆ ಅದೇ ಟೈಲರ್ ಹತ್ತಿರ ಹೋಗಿ, ಆದರೆ ಬಟ್ಟೆ ಹಾಕಿಕೊಂಡೇ ಹೋಗಿ, ಅವರ ಮುಂದೆ ಕೈ ಎತ್ತಿ ತೋರಿಸಿ. ‘ಸೈಡ್ ಬೇಡ, ಭುಜ ಮೂಳೆಗೆ ತನ್ನಿ, ಕಂಕುಳಿಗೆ ಚೌಕದ ತುಂಡು ಕೊಡಿ, ತೋಳಿನ ಬುಡ ಹಿಡಿಯಬೇಡಿ’ ಅಂತ ಇಷ್ಟೇ ಹೇಳಿ. ಒಳಗಿನ ಬಟ್ಟೆ ಕತ್ತರಿಸಬೇಡಿ, ಕೆಳಗಿನಿಂದ ತೆಗೆದ ಪಟ್ಟಿ ವಾಪಸ್ ಕೊಡಿ ಅಂತಲೂ ಹೇಳಿ, ಇಲ್ಲದಿದ್ದರೆ ಅದು ಸಂಜೆ ಗುಡಿಸುವಾಗ ಕಸದ ಜೊತೆ ಹೋಗಿಬಿಡುತ್ತದೆ.